ಊಟ ಬಿಡುವ ಕಾಯಿಲೆ: ನಮ್ಮ ಭಾಗದಲ್ಲಿ ಮೊದಲು ಆಗಬೇಕಾದ ಸಂಶೋಧನೆ ಯಾವುದು?

ಪ್ರಶ್ನೆ: ನಾನು ಜಮಖಂಡಿಯ ಪದವಿ ಕಾಲೇಜೊಂದರಲ್ಲಿ ಉಪನ್ಯಾಸಕಿ. ನನ್ನ ತಂಗಿಯ ಮಗಳಿಗೆ ಈಗ 16 ವರ್ಷ. ಹತ್ತನೆಯ ತರಗತಿ ಮುಗಿಯುತ್ತಿದ್ದಂತೆ ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಅನ್ನ ಬಿಟ್ಟಳು, ಸೋಮವಾರ ಮತ್ತು ಗುರುವಾರ ಉಪವಾಸ ಹಿಡಿದಳು. ಮುಟ್ಟು ನಿಂತಿತು. ಹೊಟ್ಟೆಯ ವೈದ್ಯರು, ಸ್ತ್ರೀರೋಗ ತಜ್ಞರು ನೋಡಿ ರಿಪೋರ್ಟ್ ಎಲ್ಲ ನಾರ್ಮಲ್ ಎಂದರು. ಮನೆಯವರು ದೃಷ್ಟಿ ತೆಗೆದರು, ಹರಕೆ ಹೊತ್ತರು. ಕೊನೆಗೆ ಬೆಳಗಾವಿಯ ಮನೋವೈದ್ಯರೊಬ್ಬರು ಇದು ಅನೊರೆಕ್ಸಿಯಾ ನರ್ವೋಸಾ, ಅಂದರೆ ಊಟ ಬಿಡುತ್ತಾ ತೂಕ ಅಪಾಯದ ಮಟ್ಟಕ್ಕೆ ಇಳಿಯುವ ಮಾನಸಿಕ ಕಾಯಿಲೆ ಎಂದು ಗುರುತಿಸಿದರು. ಚಿಕಿತ್ಸೆ ನಡೆದಿದೆ, ತೂಕ ಸ್ವಲ್ಪ ಏರಿದೆ. ‘ಈ ಕಾಯಿಲೆಗೆಂದೇ ಇರುವ ಮಾತ್ರೆ ಇಲ್ಲ, ಸಂಶೋಧನೆ ನಡೆದಿದೆ’ ಎಂದು ಅವರು ಹೇಳಿದರು. ಆ ಸಂಶೋಧನೆ ಏನು? ಅದರಲ್ಲಿ ಯಾವುದು ಮೊದಲು ಆಗಬೇಕು? ನಮ್ಮಂಥ ಊರುಗಳಲ್ಲಿ ಅದು ಸಾಧ್ಯವೇ? ಹುಡುಗಿಯನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಳ್ಳಬಹುದೇ ಎಂದು ಆಸ್ಪತ್ರೆಯಲ್ಲಿ ಕೇಳಿದ್ದಾರೆ. ತಂಗಿ ಹೆದರಿದ್ದಾಳೆ. ಏನು ಹೇಳಲಿ?

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲು ನೇರವಾಗಿ ಹೇಳಿ, ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ಈಟಿಂಗ್ ಡಿಸಾರ್ಡರ್ ಎಂದು ವೈದ್ಯಶಾಸ್ತ್ರ ಕರೆಯುವ ಈ ಕಾಯಿಲೆಗಳ ಬಗ್ಗೆ ಜಗತ್ತಿನಲ್ಲಿ ಈಗ ಹೆಚ್ಚು ಗಮನ ಸೆಳೆಯುತ್ತಿರುವುದು ಮಿದುಳು ಮತ್ತು ವಂಶವಾಹಿಗಳ ಅಧ್ಯಯನ. ಅದರ ಮಹತ್ವ ದೊಡ್ಡದು, ನಮ್ಮ ಜನ ಅದರೊಳಗೆ ಸೇರಲೇಬೇಕು. ಆದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಕುಳಿತು ಮೊದಲ ಪ್ರಶ್ನೆ ಯಾವುದೆಂದು ಕೇಳಿದರೆ, ನಿಮ್ಮ ತಂಗಿಯ ಮಗಳು ಹೊಟ್ಟೆಯ ವೈದ್ಯರ ಬಾಗಿಲಿನಿಂದ ಮನೋವೈದ್ಯರ ಬಾಗಿಲಿಗೆ ಬರುವಷ್ಟರಲ್ಲಿ ಕಳೆದುಹೋದ ಕಾಲವನ್ನು ಕಡಿಮೆ ಮಾಡುವುದು ಹೇಗೆ ಎಂಬುದೇ ಮೊದಲ ಪ್ರಶ್ನೆ ಎಂದು ನಾನು ಹೇಳುತ್ತೇನೆ. ಅದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆ, ಮನೆಯವರನ್ನೇ ಚಿಕಿತ್ಸಕರನ್ನಾಗಿ ಮಾಡುವ ವಿಧಾನ ನಮ್ಮ ಮನೆಗಳಲ್ಲಿ ಫಲ ಕೊಡುತ್ತದೆಯೇ ಎಂಬುದು.

ಇದು ಈ ಕಾಲದ ಹುಡುಗಿಯರ ಶೋಕಿ ಎಂದು ನಿಮ್ಮ ಬಳಗದಲ್ಲಿ ಯಾರಾದರೂ ಹೇಳಿದ್ದರೆ ಅದನ್ನು ಒಪ್ಪಬೇಡಿ. ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಲಾಸೆಗ್ ಎಂಬ ವೈದ್ಯರು 1873ರ ಸುಮಾರಿಗೇ, ಮೊಬೈಲು ಮತ್ತು ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮೊದಲು, ಅನೊರೆಕ್ಸಿಯಾವನ್ನು ವಿವರಿಸಿದ್ದರು. ಹೊಟ್ಟೆಬಾಕತನದ ದಾಳಿ ಬಂದು, ಉಂಡದ್ದನ್ನು ಹೊರಹಾಕುವ ಬುಲಿಮಿಯಾ ನರ್ವೋಸಾ ಎಂಬ ಕಾಯಿಲೆಯನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ಮನೋವೈದ್ಯರು ಗುರುತಿಸಿದರು. ಹೊರಹಾಕದೆ ಮಿತಿಮೀರಿ ತಿನ್ನುವ ಬಿಂಜ್ ಈಟಿಂಗ್ ಡಿಸಾರ್ಡರ್ ಮತ್ತು ತೂಕದ ಭಯವಿಲ್ಲದೆಯೇ ಆಹಾರವನ್ನು ದೂರವಿಡುವ ಆರ್ಫಿಡ್ ಎಂಬ ಸ್ಥಿತಿ, ಇವೆರಡೂ ಅಮೆರಿಕದ ರೋಗನಿರ್ಣಯ ಕೈಪಿಡಿಯಲ್ಲಿ ಪೂರ್ಣ ಸ್ಥಾನ ಪಡೆದದ್ದು 2013ರಲ್ಲಿ. ಅನೊರೆಕ್ಸಿಯಾ ಅತಿ ಹೆಚ್ಚು ಜೀವಹಾನಿಯ ಮಾನಸಿಕ ಕಾಯಿಲೆಗಳಲ್ಲಿ ಒಂದು. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅದೇ ವಯಸ್ಸಿನ ಇತರರಿಗಿಂತ ಈ ರೋಗಿಗಳಲ್ಲಿ ಸಾವಿನ ಪ್ರಮಾಣ ಐದು ಪಟ್ಟಿಗೂ ಹೆಚ್ಚು ಇತ್ತು. ಸತ್ತವರಲ್ಲಿ ಐವರಲ್ಲಿ ಒಬ್ಬರದು ಆತ್ಮಹತ್ಯೆ.

ಇದನ್ನು ಓದಿ ನಿಮ್ಮ ತಂಗಿ ಮತ್ತಷ್ಟು ಹೆದರಬಾರದು. ಬಾಸ್ಟನ್ನಿನ ಒಂದು ತಂಡ ರೋಗಿಗಳನ್ನು 20 ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿತು. ಒಂಬತ್ತನೆಯ ವರ್ಷದ ಹೊತ್ತಿಗೆ ಅನೊರೆಕ್ಸಿಯಾದಿಂದ ಗುಣವಾಗಿದ್ದವರು ಸುಮಾರು ಮೂರನೆಯ ಒಂದು ಭಾಗ ಮಾತ್ರ. 22ನೆಯ ವರ್ಷದ ಹೊತ್ತಿಗೆ ಗುಣವಾದವರು ಸುಮಾರು ಮೂರನೆಯ ಎರಡು ಭಾಗ. ತಡವಾಗಿ ಗುಣವಾಗುವವರೂ ಬಹಳ ಮಂದಿ ಇದ್ದಾರೆ ಎಂಬ ಈ ಮಾತು ನನಗೆ ಕ್ಲಿನಿಕ್ಕಿನಲ್ಲಿ ಎಷ್ಟೋ ಸಲ ಬಲ ಕೊಟ್ಟಿದೆ. ನಿಮ್ಮ ಹುಡುಗಿಗೆ 16 ವರ್ಷ, ಕಾಯಿಲೆ ಇನ್ನೂ ಹೊಸದು. ಬೇಗ ಚಿಕಿತ್ಸೆ ಸಿಕ್ಕ ಮಕ್ಕಳ ದಾರಿ ಇದಕ್ಕಿಂತ ಹತ್ತಿರದ್ದು.

ಕಾರಣ ಇನ್ನೂ ಏಕೆ ಖಚಿತವಾಗಿಲ್ಲ ಎಂಬುದನ್ನು ತಿಳಿಯಲು 1944ರ ಒಂದು ಪ್ರಯೋಗವನ್ನು ನೆನೆಯಬೇಕು. ಯುದ್ಧಕಾಲದ ಹಸಿವಿನಿಂದ ಬಳಲಿದವರಿಗೆ ಮರಳಿ ಊಟ ಕೊಡುವುದು ಹೇಗೆಂದು ತಿಳಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲೊಪ್ಪದ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಅದಕ್ಕಿಂತ ಮುಖ್ಯವಾದದ್ದು ಅವರ ಮನಸ್ಸಿಗೆ ಆದದ್ದು. ಹಗಲಿರುಳು ಊಟದ್ದೇ ಯೋಚನೆ, ತಟ್ಟೆಯ ಮುಂದೆ ತಾಸುಗಟ್ಟಲೆ ಕುಳಿತು ತುಣುಕು ತುಣುಕಾಗಿ ತಿನ್ನುವುದು, ಅಡುಗೆ ಪುಸ್ತಕ ಓದುವುದು, ಸಿಡುಕು, ಖಿನ್ನತೆ, ಜನರಿಂದ ದೂರ ಸರಿಯುವುದು. ಅವರಲ್ಲಿ ಯಾರಿಗೂ ಮೊದಲು ಈ ಗುಣಗಳಿರಲಿಲ್ಲ. ಅಂದರೆ ಅನೊರೆಕ್ಸಿಯಾದ ಹುಡುಗಿಯಲ್ಲಿ ನಾವು ಕಾಣುವ ಎಷ್ಟೋ ಲಕ್ಷಣಗಳು ಹಸಿವಿನ ಫಲ. ಅವಳ ಸ್ವಭಾವವೂ ಅಲ್ಲ, ಹಟವೂ ಅಲ್ಲ. ಇದೇ ಕಾರಣಕ್ಕೆ ಸಂಶೋಧಕರಿಗೆ ಒಂದು ದೊಡ್ಡ ತೊಡಕು ಎದುರಾಗುತ್ತದೆ. ಕಾಯಿಲೆಯಲ್ಲಿರುವವರ ಮಿದುಳಿನ ಚಿತ್ರ ತೆಗೆದಾಗ ಹೊರಪದರ ತೆಳುವಾಗಿರುವುದು ಕಾಣುತ್ತದೆ, ತೂಕ ಏರುತ್ತಿದ್ದಂತೆ ಅದು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಹಾಗಾದರೆ ಕಂಡದ್ದು ಕಾರಣವೋ ಪರಿಣಾಮವೋ? ಕಾಯಿಲೆ ಬರುವ ಮುಂಚಿನಿಂದಲೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನಗಳೇ ಇದನ್ನು ಬಿಡಿಸಬಲ್ಲವು, ಅವು ಬಹಳ ದುಬಾರಿ.

ವಂಶವಾಹಿಗಳು ಹುಟ್ಟಿನಿಂದಲೇ ಇರುವುದರಿಂದ ಅಲ್ಲಿ ಈ ಗೊಂದಲ ಕಡಿಮೆ. ಅವಳಿ ಮಕ್ಕಳ ಅಧ್ಯಯನಗಳು ಅನೊರೆಕ್ಸಿಯಾ ಬರುವ ಸಾಧ್ಯತೆಯಲ್ಲಿ ಸುಮಾರು ಅರ್ಧಭಾಗ ಆನುವಂಶಿಕ ಎಂದು ತೋರಿಸಿವೆ. 2019ರಲ್ಲಿ ಸುಮಾರು 17,000 ರೋಗಿಗಳ ಮತ್ತು 55,000 ಇತರರ ಡಿಎನ್‌ಎ ಹೋಲಿಸಿ ನೋಡಿದಾಗ ಎಂಟು ಸ್ಥಾನಗಳು ಕಾಯಿಲೆಯೊಂದಿಗೆ ತಳುಕು ಹಾಕಿಕೊಂಡಿರುವುದು ಗೊತ್ತಾಯಿತು. ಆ ಅಧ್ಯಯನದ ನಿಜವಾದ ಹೊಸತನವೆಂದರೆ, ಈ ಕಾಯಿಲೆಯ ಬೇರುಗಳು ಆತಂಕ, ಗೀಳು ಮುಂತಾದ ಮಾನಸಿಕ ಸ್ಥಿತಿಗಳ ಜೊತೆಗೆ ದೇಹದ ಚಯಾಪಚಯದೊಳಗೂ, ಅಂದರೆ ಸಕ್ಕರೆ, ಕೊಬ್ಬುಗಳನ್ನು ದೇಹ ಬಳಸುವ ರೀತಿಯೊಳಗೂ ಹರಡಿವೆ ಎಂದು ತಿಳಿದದ್ದು. ತೂಕ ಏರಿಸಿದರೂ ದೇಹ ಮತ್ತೆ ಮತ್ತೆ ಕೆಳಕ್ಕೆ ಜಾರುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿ ಸಿಗಬಹುದು. ಆದರೆ ಆ ವಿಶ್ಲೇಷಣೆಯಲ್ಲಿ ಸೇರಿದ್ದವರೆಲ್ಲ ಯುರೋಪಿಯನ್ ಮೂಲದವರು. ಅಲ್ಲಿ ಕಂಡದ್ದು ಇಂಡಿ, ಸಿಂದಗಿಯ ಹುಡುಗಿಗೂ ಅನ್ವಯಿಸುತ್ತದೆ ಎಂದು ಇವತ್ತು ಯಾರೂ ಹೇಳಲಾರರು.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಪಠ್ಯಪುಸ್ತಕದ ಅನೊರೆಕ್ಸಿಯಾ ರೋಗಿ ‘ನಾನು ದಪ್ಪಗಿದ್ದೇನೆ’ ಎನ್ನುತ್ತಾಳೆ. ನಮ್ಮಲ್ಲಿಗೆ ಬರುವ ಹುಡುಗಿಯರಲ್ಲಿ ಅನೇಕರು ಹಾಗೆ ಹೇಳುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಉಂಡರೆ ಎದೆಯುರಿ, ರೊಟ್ಟಿ ಇಳಿಯುವುದಿಲ್ಲ, ಹಸಿವೇ ಇಲ್ಲ, ದೇವರಿಗೆ ನಡೆದುಕೊಳ್ಳುತ್ತಿದ್ದೇನೆ ಎನ್ನುತ್ತಾರೆ. ಹಾಂಗ್‌ಕಾಂಗಿನ ಸಿಂಗ್ ಲೀ ಎಂಬ ಮನೋವೈದ್ಯರು 1993ರಲ್ಲಿ 70 ಚೀನೀ ರೋಗಿಗಳನ್ನು ವಿವರಿಸಿದಾಗ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದಪ್ಪಗಾಗುವ ಭಯವೇ ಇರಲಿಲ್ಲ. ದೆಹಲಿಯ ಏಮ್ಸ್ ವೈದ್ಯರು 1995ರಲ್ಲಿ ಪ್ರಕಟಿಸಿದ ಐವರು ಯುವತಿಯರ ವಿವರಗಳಲ್ಲೂ ಊಟ ನಿರಾಕರಣೆ, ವಾಂತಿ, ತೂಕ ಇಳಿಕೆ, ಮುಟ್ಟು ನಿಲ್ಲುವುದು ಇದ್ದವು. ತನ್ನ ದೇಹದ ಬಗ್ಗೆ ತಪ್ಪು ಕಲ್ಪನೆ ಇರಲಿಲ್ಲ, ಆದ್ದರಿಂದಲೇ ರೋಗನಿರ್ಣಯ ಕಷ್ಟವಾಗಿತ್ತು. ಇನ್ನೊಂದು ಕಡೆ, ಫಿಜಿ ದ್ವೀಪದ ನದ್ರೋಗ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂದ ಮೂರು ವರ್ಷಗಳಲ್ಲಿ, ಪ್ರಶ್ನಾವಳಿಯಲ್ಲಿ ಊಟದ ಕಾಯಿಲೆಯ ಅಪಾಯ ಸೂಚಿಸುವ ಅಂಕ ಪಡೆದ ಶಾಲಾ ಹುಡುಗಿಯರ ಪ್ರಮಾಣ ಶೇ. 12.7ರಿಂದ ಶೇ. 29.2ಕ್ಕೆ ಏರಿದ್ದನ್ನು ಆನ್ ಬೆಕರ್ ಎಂಬ ಸಂಶೋಧಕಿ ದಾಖಲಿಸಿದರು. ಹಾಗಾದರೆ ಇವತ್ತು ಕೈಯಲ್ಲಿ ರೀಲ್ಸ್ ಹಿಡಿದ, ಮನೆಯಲ್ಲಿ ಶ್ರಾವಣ ಸೋಮವಾರ ಮಾಡುವ ನಮ್ಮ ಹುಡುಗಿಯಲ್ಲಿ ದಪ್ಪಗಾಗುವ ಭಯವಿರುವ ಮತ್ತು ಭಯವಿಲ್ಲದ ಎರಡು ರೂಪಗಳೂ ಒಟ್ಟಿಗೆ ಇವೆಯೇ? ಬೇರೆ ಬೇರೆ ಕಾಯಿಲೆಗಳೇ? ಭಯವಿಲ್ಲದ ರೂಪ ಚಿಕಿತ್ಸೆಗೆ ಬೇಗ ಮಣಿಯುತ್ತದೆಯೇ? ಇವಕ್ಕೆ ಉತ್ತರ ಹೊರಗಿನವರು ತಂದುಕೊಡಲಾರರು. ನಮ್ಮ ರೋಗಿಗಳು ತಮ್ಮ ಮಾತಿನಲ್ಲಿ ಹೇಳುವುದನ್ನು ತಾಳ್ಮೆಯಿಂದ ಬರೆದುಕೊಳ್ಳುವ ಅಧ್ಯಯನವೇ ಇಲ್ಲಿ ಮೊದಲ ಹೆಜ್ಜೆ.

ಪತ್ತೆಹಚ್ಚಲು ಬಳಸುವ ಪ್ರಶ್ನಾವಳಿಗಳ ಸ್ಥಿತಿಯೂ ಇದೇ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ, 26 ಪ್ರಶ್ನೆಗಳ ಈಟ್-26 ಎಂಬ ಪ್ರಶ್ನಾವಳಿ 1982ರಲ್ಲಿ ಕೆನಡಾದಲ್ಲಿ ರೂಪುಗೊಂಡದ್ದು. ಅದರಲ್ಲಿ ‘ಊಟವನ್ನು ಸಣ್ಣ ಸಣ್ಣ ತುಂಡು ಮಾಡುತ್ತೇನೆ’ ಎಂಬ ವಾಕ್ಯವಿದೆ. ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿಕೊಂಡು ಉಣ್ಣುವ ನಾಡಿನಲ್ಲಿ ಈ ವಾಕ್ಯ ಯಾವ ರೋಗವನ್ನು ಹಿಡಿಯಬಲ್ಲದು? 1989ರಲ್ಲಿ ಕಿಂಗ್ ಮತ್ತು ಭುಗ್ರಾ ಎಂಬ ಸಂಶೋಧಕರು ಉತ್ತರ ಭಾರತದ ಶಾಲಾ ಹುಡುಗಿಯರಿಗೆ ಇದೇ ಬಗೆಯ ಪ್ರಶ್ನೆಗಳನ್ನು ಕೊಟ್ಟಾಗ, ವ್ರತ ಉಪವಾಸಗಳ ರೂಢಿಯಿಂದಲೂ ಪ್ರಶ್ನೆಯನ್ನು ಬೇರೆಯಾಗಿ ಗ್ರಹಿಸಿದ್ದರಿಂದಲೂ ಅಂಕ ಏರಿದ್ದನ್ನು ಕಂಡರು. ಚೆನ್ನೈನ ಸಂಶೋಧಕರು 1990ರ ದಶಕದಲ್ಲಿ ವೈದ್ಯ ವಿದ್ಯಾರ್ಥಿಗಳ ನಡುವೆ ಕೆಲಸ ಮಾಡಿ, ಭಾರತದ ಸಂದರ್ಭಕ್ಕೆ ಹೊಂದುವ ಪ್ರಶ್ನಾವಳಿಯೊಂದನ್ನು ಕಟ್ಟಲು ಯತ್ನಿಸಿದರು. ಆ ಎಳೆಯನ್ನು ಮುಂದುವರಿಸಬೇಕಾಗಿದೆ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಉತ್ತರಿಸಿದವರಲ್ಲಿ ಹೆಚ್ಚಿನವರು ಇಂಥ ರೋಗಿಯನ್ನು ಒಮ್ಮೆಯಾದರೂ ಕಂಡಿದ್ದಾಗಿ ಹೇಳಿದ್ದರು. ಅಂದರೆ ಕಾಯಿಲೆ ಇಲ್ಲಿದೆ, ಅದನ್ನು ಅಳೆಯುವ ಸಾಧನ ಇಲ್ಲ.

ನಮ್ಮ ಭಾಗದ ಸಾಧನ ಹೇಗಿರಬೇಕು ಎಂಬುದರ ಬಗ್ಗೆ ನನಗೆ ಸ್ಪಷ್ಟ ಅಭಿಪ್ರಾಯಗಳಿವೆ. ಏಕಾದಶಿ, ಸೋಮವಾರ, ನವರಾತ್ರಿ, ಜೈನರ ದಶಲಕ್ಷಣ ಪರ್ವ, ಮುಸ್ಲಿಮರ ರೋಜಾ ಇವೆಲ್ಲ ಬದುಕಿನ ಭಾಗವಾಗಿರುವ ಜಿಲ್ಲೆಗಳಲ್ಲಿ ‘ಉಪವಾಸ ಮಾಡುತ್ತೀಯಾ’ ಎಂದು ಕೇಳಿ ಪ್ರಯೋಜನವಿಲ್ಲ. ಉಪವಾಸ ಮುಗಿದ ಮೇಲೆ ಎಲ್ಲರ ಜೊತೆ ಕುಳಿತು ಉಣ್ಣುತ್ತಾಳೆಯೇ, ಮನೆಯವರು ಮಾಡದ ದಿನವೂ ಮಾಡುತ್ತಾಳೆಯೇ, ಬಿಡಬೇಕೆಂದು ಹಿರಿಯರು ಹೇಳಿದಾಗ ಅವಳಿಗೆ ಎಂಥ ಆತಂಕವಾಗುತ್ತದೆ, ಹೋಳಿಗೆ ಮಾಡಿದ ಹಬ್ಬದ ದಿನ ಎಲ್ಲಿ ಅಡಗುತ್ತಾಳೆ ಎಂಬುದನ್ನು ಕೇಳಬೇಕು. ಪ್ರಶ್ನೆಗಳು ಕನ್ನಡದಲ್ಲಿ ಮಾತ್ರ ಇದ್ದರೆ ಸಾಲದು. ಬೆಳಗಾವಿಯ ಮರಾಠಿ ಮನೆಗೂ ವಿಜಯಪುರದ ಉರ್ದು ಮನೆಗೂ ತಲುಪುವಂತೆ ಅವುಗಳನ್ನು ಬೇರೆಬೇರೆಯಾಗಿಯೇ ಕಟ್ಟಿ ಪರೀಕ್ಷಿಸಬೇಕು.

ತೂಕದ ವಿಷಯ ಇನ್ನೂ ಸೂಕ್ಷ್ಮ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗವರ್ಗೀಕರಣ ವಯಸ್ಕರಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 18.5ಕ್ಕಿಂತ ಕಡಿಮೆ ಇರುವುದನ್ನು ಕಡಿಮೆ ತೂಕ ಎನ್ನುತ್ತದೆ. ಬಡತನದಿಂದಲೋ ರಕ್ತಹೀನತೆಯಿಂದಲೋ ಮೈತೆಳುವಾಗಿರುವ ಹುಡುಗಿಯರು ಎಷ್ಟೋ ಮಂದಿ ಇರುವ ನಮ್ಮ ತಾಲ್ಲೂಕುಗಳಲ್ಲಿ ಈ ಒಂದೇ ಅಂಕಿಯನ್ನು ಹಿಡಿದರೆ ಆರೋಗ್ಯವಂತರೂ ರೋಗಿಗಳಾಗುತ್ತಾರೆ. ಇದಕ್ಕೆ ಪ್ರತಿಯಾಗಿ, ಮೊದಲು ದಪ್ಪಗಿದ್ದು ಆರು ತಿಂಗಳಲ್ಲಿ ಬಹಳ ಇಳಿದ ಹುಡುಗಿಯ ತೂಕ ಇನ್ನೂ ‘ಸರಿ’ಯಾಗಿಯೇ ಕಾಣುತ್ತದೆ, ಅವಳ ಹೃದಯಬಡಿತ ನಿಧಾನವಾಗಿ, ಮುಟ್ಟು ನಿಂತು, ಮೂಳೆ ಸವೆಯುತ್ತಿದ್ದರೂ ನೆರೆಹೊರೆಯವರು ‘ಛಲೋ ಇಳಿದಿದ್ದಾಳೆ’ ಎಂದು ಹೊಗಳುತ್ತಾರೆ. ಆದ್ದರಿಂದ ಒಂದು ದಿನದ ತೂಕಕ್ಕಿಂತ ಆ ಮಗುವಿನದೇ ಹಿಂದಿನ ಬೆಳವಣಿಗೆಯ ರೇಖೆ ಎಲ್ಲಿಂದ ಕೆಳಗೆ ಮುರಿಯಿತು ಎಂಬುದನ್ನು ನೋಡಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳ ತೂಕ, ಎತ್ತರ ಅಳೆಯುತ್ತವೆ. ಆ ದಾಖಲೆಗಳನ್ನು ವರ್ಷದಿಂದ ವರ್ಷಕ್ಕೆ ಜೋಡಿಸಿ, ರೇಖೆ ಮುರಿದ ಮಕ್ಕಳನ್ನು ಮಾತ್ರ ಕರೆದು ವಿಚಾರಿಸಿದರೆ ಎಷ್ಟು ಮಂದಿ ಸಿಗುತ್ತಾರೆ ಎಂಬುದು ಕಡಿಮೆ ಖರ್ಚಿನ, ಬಹಳ ಬೆಲೆಯುಳ್ಳ ಒಂದು ಸಂಶೋಧನೆ. ಹಾಗೆಯೇ, ಮುಟ್ಟು ನಿಂತು ಸ್ತ್ರೀರೋಗ ವಿಭಾಗಕ್ಕೆ ಮತ್ತು ಹೊಟ್ಟೆನೋವಿಗೆಂದು ಜನರಲ್ ಮೆಡಿಸಿನ್ ವಿಭಾಗಕ್ಕೆ ಬರುವ ಹದಿಹರೆಯದವರಿಗೆ ನಾಲ್ಕೈದು ಪ್ರಶ್ನೆ ಕೇಳುವ ಪದ್ಧತಿ ಇಟ್ಟರೆ ರೋಗನಿರ್ಣಯ ಎಷ್ಟು ತಿಂಗಳು ಬೇಗ ಆಗುತ್ತದೆ ಎಂಬುದನ್ನೂ ಅಳೆಯಬಹುದು. ಈ ಕಾಯಿಲೆಯಲ್ಲಿ ರಕ್ತಪರೀಕ್ಷೆ ನಾರ್ಮಲ್ ಬರುವುದು ಸಾಮಾನ್ಯ. ನಿಮ್ಮ ಹುಡುಗಿಯ ರಿಪೋರ್ಟ್ ಸರಿಯಾಗಿದ್ದದ್ದು ಅವಳು ಸರಿಯಾಗಿದ್ದಾಳೆ ಎಂಬುದಕ್ಕೆ ಸಾಕ್ಷಿಯಾಗಿರಲಿಲ್ಲ.

ಹುಡುಗರನ್ನು ಇಲ್ಲಿ ಮರೆಯುವುದು ಸುಲಭ. ಗರಡಿಮನೆ ಮತ್ತು ಸೈಕಲ್ ಓಟ ಎರಡಕ್ಕೂ ಹೆಸರಾದ ಜಿಲ್ಲೆಗಳು ನಮ್ಮವು. ಕುಸ್ತಿಯಲ್ಲಿ ತೂಕದ ವರ್ಗಕ್ಕೆ ಇಳಿಯಲು ಊಟ, ನೀರು ಬಿಡುವುದು, ಸೈಕಲ್ ಪಟುಗಳು ಹಗುರಾಗಲು ಯತ್ನಿಸುವುದು ಆಟದ ಶಿಸ್ತೆಂದೇ ನಡೆದುಹೋಗುತ್ತದೆ. ದೇಹಕ್ಕೆ ಬೇಕಾದಷ್ಟು ಆಹಾರ ಸಿಗದೆ ಮೂಳೆ, ಹಾರ್ಮೋನು, ಹೃದಯ ಹಾಳಾಗುವ ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಹೆಸರು ಕೊಟ್ಟು ಎಚ್ಚರಿಸಿದೆ. ವಿಜಯಪುರದ ಸೈಕಲ್ ಪಟುಗಳ ನಡುವೆ, ಬೆಳಗಾವಿಯ ಪೈಲ್ವಾನರ ನಡುವೆ ಇದನ್ನು ಅಧ್ಯಯನ ಮಾಡಲು ನಮಗಿಂತ ಹತ್ತಿರದವರು ಯಾರಿದ್ದಾರೆ?

ಗುರುತಿಸಿದ ಮೇಲೆ ಏನು ಮಾಡುವುದು? ವಿಲಿಯಂ ಗಲ್‌ನ ಕಾಲದಲ್ಲಿ ರೋಗಿಯನ್ನು ಮನೆಯವರಿಂದ ಬೇರ್ಪಡಿಸಬೇಕು, ಬಂಧುಗಳೇ ಕೆಟ್ಟ ಆರೈಕೆದಾರರು ಎಂಬ ನಂಬಿಕೆ ಇತ್ತು. ನೂರು ವರ್ಷ ತಾಯಂದಿರು ಈ ಅಪವಾದವನ್ನು ಹೊತ್ತರು. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಇದು ತಿರುಗಿತು. ಮಗುವಿಗೆ ಊಟ ಮಾಡಿಸುವ ಹೊಣೆಯನ್ನು ತಂದೆತಾಯಿಗೇ ಕೊಟ್ಟು, ತೂಕ ಮರಳಿದಂತೆ ಆ ಹೊಣೆಯನ್ನು ಹಂತಹಂತವಾಗಿ ಮಗುವಿಗೆ ಹಿಂದಿರುಗಿಸುವ ವಿಧಾನವನ್ನು ಅವರು ರೂಪಿಸಿದರು. 1987ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ಚಿಕ್ಕ ವಯಸ್ಸಿನಲ್ಲಿ ಆರಂಭವಾಗಿ ಮೂರು ವರ್ಷ ದಾಟದ ಕಾಯಿಲೆಗೆ ಇದು ಒಬ್ಬರನ್ನೇ ಕೂರಿಸಿಕೊಂಡು ಮಾಡುವ ಆಪ್ತಚಿಕಿತ್ಸೆಗಿಂತ ಮೇಲೆನಿಸಿತು. 2010ರಲ್ಲಿ ಅಮೆರಿಕದಲ್ಲಿ 121 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ, ಚಿಕಿತ್ಸೆ ಮುಗಿದು ಒಂದು ವರ್ಷದ ನಂತರ ಪೂರ್ಣ ಗುಣವಾಗಿದ್ದವರು ಈ ವಿಧಾನದಲ್ಲಿ ಶೇ. 49, ಮಗುವೊಬ್ಬರನ್ನೇ ಕೂರಿಸಿಕೊಂಡು ಮಾಡುವ ಆಪ್ತಚಿಕಿತ್ಸೆಯಲ್ಲಿ ಶೇ. 23. ಹದಿಹರೆಯದವರಿಗೆ ಇಂದು ಇರುವ ಅತ್ಯುತ್ತಮ ಆಧಾರ ಇದೇ. ಅರ್ಧದಷ್ಟು ಮಕ್ಕಳಿಗೆ ಪೂರ್ಣ ಫಲ ಸಿಗಲಿಲ್ಲ ಎಂಬುದೂ ಅದೇ ಅಂಕಿಯಲ್ಲಿದೆ. ಯಾರಿಗೆ ಫಲಿಸುತ್ತದೆ, ಯಾರಿಗೆ ಫಲಿಸುವುದಿಲ್ಲ, ಫಲಿಸದವರಿಗೆ ಮುಂದೇನು ಎಂಬುದು ಇಡೀ ಜಗತ್ತಿನ ಸಂಶೋಧಕರ ಮುಂದಿರುವ ಪ್ರಶ್ನೆ.

ನಮ್ಮ ಪ್ರಶ್ನೆಗಳು ಇದಕ್ಕೆ ಮತ್ತಷ್ಟನ್ನು ಸೇರಿಸುತ್ತವೆ. ಆ ವಿಧಾನ ಇಬ್ಬರು ತಂದೆತಾಯಿ ಮತ್ತು ಒಂದು ಊಟದ ಮೇಜನ್ನು ಕಲ್ಪಿಸಿಕೊಂಡು ಹುಟ್ಟಿದ್ದು. ನಮ್ಮಲ್ಲಿ ಅಜ್ಜಿ, ದೊಡ್ಡಪ್ಪ, ಕಾಕಾ, ಅತ್ತಿಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯವಿರುತ್ತದೆ. ತಾಯಿ ತಟ್ಟೆಯ ಮುಂದೆ ಗಟ್ಟಿಯಾಗಿ ಕುಳಿತರೆ ಅಜ್ಜಿ ‘ಬಿಡವ್ವಾ, ಕೂಸಿಗೆ ಯಾಕ ಕಾಡತಿ’ ಎಂದು ಎಬ್ಬಿಸಿಕೊಂಡು ಹೋಗುತ್ತಾಳೆ. ಅದೇ ಅಜ್ಜಿಯನ್ನು ಮೊದಲ ದಿನವೇ ಕೂರಿಸಿ ತಿಳಿಸಿ ಹೇಳಿದರೆ ಅವಳಿಗಿಂತ ಒಳ್ಳೆಯ ಸಹಾಯಕಿ ಇಲ್ಲ ಎಂಬುದು ನನ್ನ ಅನುಭವ. ಆದರೆ ಒಬ್ಬ ವೈದ್ಯನ ಅನುಭವ ಪುರಾವೆಯಾಗುವುದಿಲ್ಲ, ಅದನ್ನು ಪರೀಕ್ಷಿಸಿಯೇ ಹೇಳಬೇಕು. ತಂದೆ ದುಡಿಯಲು ಪುಣೆಗೋ ಗೋವಾಕ್ಕೋ ಹೋಗಿರುವ ಮನೆಯಲ್ಲಿ, ಹಾಸ್ಟೆಲಿನಲ್ಲಿರುವ ಹುಡುಗಿಯಲ್ಲಿ ಈ ವಿಧಾನ ಹೇಗೆ ಮಾಡುವುದು? ಮದುವೆಯಾಗಿ ಬಂದ ಹತ್ತೊಂಬತ್ತರ ಸೊಸೆ ಎಲ್ಲರೂ ಉಂಡ ಮೇಲೆ ಒಬ್ಬಳೇ ಉಣ್ಣುವ ಮನೆಯಲ್ಲಿ ಅವಳು ಎಷ್ಟು ಉಂಡಳು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ತವರಿಗೆ ತಿಳಿಸಿದರೆ ಸಂಬಂಧಕ್ಕೆ ತೊಡಕು ಎಂಬ ಹೆದರಿಕೆ ಬೇರೆ. ಈ ಹೆಣ್ಣುಮಕ್ಕಳ ಬಗ್ಗೆ ನನಗಿರುವ ಕಳವಳವನ್ನು ಅಡಗಿಸಿ ಬರೆಯಲಾರೆ. ಅವರು ಯಾವ ಅಧ್ಯಯನದ ಎಣಿಕೆಗೂ ಸುಲಭವಾಗಿ ಸಿಗುವವರಲ್ಲ.

ದೂರವೂ ಒಂದು ಅಡ್ಡಿ. ಮುದ್ದೇಬಿಹಾಳದಿಂದಲೋ ಬೀಳಗಿಯಿಂದಲೋ ಇಡೀ ಕುಟುಂಬ ವಾರಕ್ಕೊಮ್ಮೆ ಕೂಲಿ ಬಿಟ್ಟು ಬಸ್ಸು ಹತ್ತಿ ಬರಲಾಗದು. ಮೆಲ್ಬರ್ನ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇಲ್ಲಿ ಆಶೆ ಹುಟ್ಟಿಸುತ್ತದೆ. ಅಲ್ಲಿ ಚಿಕಿತ್ಸಕರು ಮಾತಾಡಿದ್ದು ತಂದೆತಾಯಿಯೊಂದಿಗೆ ಮಾತ್ರ, ಮಗುವಿನ ತೂಕ ಮತ್ತು ಆರೋಗ್ಯವನ್ನು ನೋಡಿಕೊಂಡದ್ದು ಒಬ್ಬ ನರ್ಸ್. ಚಿಕಿತ್ಸೆ ಮುಗಿಯುವ ಹೊತ್ತಿಗೆ ಈ ಗುಂಪಿನಲ್ಲಿ ಶೇ. 43 ಮಕ್ಕಳು, ಇಡೀ ಕುಟುಂಬ ಕೂಡುವ ಗುಂಪಿನಲ್ಲಿ ಶೇ. 22 ಮಕ್ಕಳು ಗುಣವಾಗಿದ್ದರು, ಮುಂದಿನ ತಿಂಗಳುಗಳಲ್ಲಿ ಅಂತರ ಕಡಿಮೆಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕೆಂದು ನಡೆಯುವ ಮನೋಚೈತನ್ಯ ಕ್ಲಿನಿಕ್‌ನಲ್ಲಿ ನರ್ಸ್ ತೂಕ ನೋಡಿ, ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ತಾಯಿಯೊಂದಿಗೆ ಫೋನಿನಲ್ಲಿ ಮಾತಾಡುವ ಮಾದರಿಯನ್ನು ಇದೇ ನೆಲೆಯಲ್ಲಿ ಪರೀಕ್ಷಿಸಬಹುದು. ಚಿಕಿತ್ಸೆಯ ಸಂಶೋಧನೆಗಳ ಪೈಕಿ, ನನ್ನ ಕೈಯಲ್ಲಿ ಹಣವಿದ್ದರೆ ಮೊದಲು ಇದಕ್ಕೇ ಕೊಡುತ್ತಿದ್ದೆ.

ಆಹಾರವನ್ನು ಮರಳಿ ಆರಂಭಿಸುವ ವಿಷಯದಲ್ಲೂ ಸ್ಥಳೀಯ ಅಧ್ಯಯನ ಬೇಕು. ಬಹಳ ಕಾಲ ಹಸಿದ ದೇಹಕ್ಕೆ ಒಮ್ಮೆಲೇ ಊಟ ಹೋದಾಗ ರಕ್ತದಲ್ಲಿನ ಫಾಸ್ಫೇಟ್ ಎಂಬ ಲವಣ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಆ ಭಯದಿಂದ ವೈದ್ಯರು ಬಹಳ ನಿಧಾನ ಮಾಡುತ್ತಿದ್ದರು. ಈಚಿನ ಪರೀಕ್ಷೆಗಳು ಆಸ್ಪತ್ರೆಯ ಕಾವಲಿನಲ್ಲಿ ಸ್ವಲ್ಪ ವೇಗವಾಗಿ ಕೊಟ್ಟರೂ ಹಾನಿಯಿಲ್ಲ, ಮಗು ಬೇಗ ಚೇತರಿಸಿಕೊಳ್ಳುತ್ತದೆ ಎಂದು ತೋರಿಸಿವೆ. ಆದರೆ ಆ ರೋಗಿಗಳು ಕಾಯಿಲೆಗೆ ಮುಂಚೆ ಪುಷ್ಟಿಯಾಗಿದ್ದವರು. ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆ ಇರುವುದನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಇಂಥ ಹಿನ್ನೆಲೆಯ ಹುಡುಗಿಗೆ ಎಷ್ಟು ವೇಗ ಸುರಕ್ಷಿತ? ಜೋಳದ ರೊಟ್ಟಿ, ಬೇಳೆ, ಶೇಂಗಾ ಹಿಂಡಿ, ಮೊಸರು, ಗಟ್ಟಿ ಹಾಲು ಇವುಗಳಿಂದಲೇ ಆ ಲೆಕ್ಕ ಕಟ್ಟುವುದು ಹೇಗೆ? ಇದು ಉತ್ತರ ಸಿಗಬಲ್ಲ ಪ್ರಶ್ನೆ. ನಿಮ್ಮ ಮನೆಯಲ್ಲಿ ಮಾತ್ರ ವೈದ್ಯರು ಹೇಳಿದ ಪ್ರಮಾಣ ಬಿಟ್ಟು ಬೇರೆ ಪ್ರಯೋಗ ಮಾಡಬೇಡಿ.

ಮಾತ್ರೆಯ ವಿಷಯದಲ್ಲಿ ನಿಮ್ಮ ವೈದ್ಯರು ಹೇಳಿದ್ದು ಸರಿ. ಬುಲಿಮಿಯಾಕ್ಕೆ ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಸ್ವಲ್ಪ ನೆರವಾಗುತ್ತದೆ. ಅನೊರೆಕ್ಸಿಯಾಕ್ಕೆಂದೇ ಒಪ್ಪಿಗೆ ಪಡೆದ ಔಷಧಿ ಇಲ್ಲ. ಬೇರೆ ಮಾನಸಿಕ ಕಾಯಿಲೆಗಳಿಗೆ ಕೊಡುವ ಒಲಾಂಜಪಿನ್ ಎಂಬ ಮಾತ್ರೆ 2019ರ ಪರೀಕ್ಷೆಯಲ್ಲಿ ತೂಕವನ್ನು ಅಲ್ಪ ಏರಿಸಿತು, ಮನಸ್ಸಿನ ಭಯವನ್ನು ಇಳಿಸಲಿಲ್ಲ. 2025ರಲ್ಲಿ ಮೌಂಜಾರೊ, ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದಿವೆ. ಊಟದ ಕಾಯಿಲೆ ಇರುವವರ ಅಥವಾ ಹಿಂದೆ ಇದ್ದವರ ಕೈಗೆ ಅವು ಸಿಕ್ಕಾಗ ಏನಾಗುತ್ತದೆ ಎಂಬುದನ್ನು ತಡಮಾಡದೆ ನೋಡಬೇಕಾಗಿದೆ.

ಇವೆಲ್ಲ ನಮ್ಮಂಥ ಊರುಗಳಲ್ಲಿ ಸಾಧ್ಯವೇ ಎಂದು ಕೇಳಿದ್ದೀರಿ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ಸಾಕೇ ಎಂಬ ಪ್ರಶ್ನೆಗೆ ಜಗತ್ತಿಗೆ ಉತ್ತರ ಕೊಟ್ಟ ಪರೀಕ್ಷೆಗಳಲ್ಲಿ ಮುಖ್ಯವಾದ ಒಂದು ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಹೊರದೇಶದ ಸಹೋದ್ಯೋಗಿಗಳೊಂದಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾದಿಯರ ಕೈಯಿಂದಲೇ 1,620 ಬಾಣಂತಿಯರಲ್ಲಿ ಅದನ್ನು ನಡೆಸಿದರು. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು, ರಕ್ತಸ್ರಾವ ಸುಮಾರು ಅರ್ಧಕ್ಕೆ ಇಳಿದಿತ್ತು. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಮಾದರಿಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಕಟ್ಟಿ ತೋರಿಸಿದ್ದು ಬಳ್ಳಾರಿಯಲ್ಲಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಬೆಳಗಾವಿ, ಬಾಗಲಕೋಟೆ, ವಿಜಯಪುರದ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳು, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇವೆಲ್ಲ ಒಂದೇ ನಮೂನೆಯಲ್ಲಿ ರೋಗಿಗಳನ್ನು ದಾಖಲಿಸಿಕೊಂಡು ಹೋದರೆ, ಒಂದೊಂದು ಕಡೆ ಕೆಲವೇ ರೋಗಿಗಳಿದ್ದರೂ ಕೆಲವು ವರ್ಷಗಳಲ್ಲಿ ಅರ್ಥಪೂರ್ಣ ಸಂಖ್ಯೆಯಾಗುತ್ತದೆ. ಕೊರತೆ ಇರುವುದು ಹೊಂದಾಣಿಕೆಯದು.

ಪ್ರಶ್ನೆಗಳನ್ನು ಆರಿಸುವವರು ಯಾರು ಎಂಬುದನ್ನೂ ಹೇಳಿಬಿಡುತ್ತೇನೆ. ನೆದರ್ಲೆಂಡ್ಸಿನಲ್ಲಿ ರೋಗಿಗಳು, ಮನೆಯವರು, ವೈದ್ಯರು ಒಟ್ಟಿಗೆ ಕುಳಿತು ಹತ್ತು ಆದ್ಯತೆಗಳ ಪಟ್ಟಿಯನ್ನು ಮಾಡಿದರು, ಅದು 2016ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾ 2021ರಿಂದ 2031ರವರೆಗಿನ ಹತ್ತು ವರ್ಷಕ್ಕೆ ರಾಷ್ಟ್ರೀಯ ಸಂಶೋಧನಾ ಯೋಜನೆಯನ್ನೇ ರೂಪಿಸಿತು. ನಾನು ಮೇಲೆ ಹೇಳಿದ ಕ್ರಮ ಒಬ್ಬ ವೈದ್ಯನದು. ನಿಮ್ಮ ತಂಗಿಯನ್ನು ಕೇಳಿದರೆ ಅವಳು ಬೇರೆಯದನ್ನೇ ಮೊದಲು ಇಡಬಹುದು: ರಾತ್ರಿ ಊಟದ ಜಗಳವನ್ನು ಸಂಭಾಳಿಸುವುದು ಹೇಗೆ, ಶಾಲೆಗೆ ಏನು ಹೇಳುವುದು, ಮರುಕಳಿಸುವುದನ್ನು ಮೊದಲೇ ತಿಳಿಯುವುದು ಹೇಗೆ ಎಂದು. ಆ ಪ್ರಶ್ನೆಗಳಿಗೆ ಸಂಶೋಧನೆಯಲ್ಲಿ ಸ್ಥಾನ ಸಿಗಬೇಕು. ನೀವು ಕಾಲೇಜಿನಲ್ಲಿರುವವರು, ಆಸ್ಪತ್ರೆಯವರು ಕುಟುಂಬಗಳ ಸಭೆ ಕರೆದರೆ ತಂಗಿಯನ್ನು ಕರೆದುಕೊಂಡು ಹೋಗಿ, ಕರೆಯದಿದ್ದರೆ ಕರೆಯಿರೆಂದು ಕೇಳಿ.

ಅಧ್ಯಯನಕ್ಕೆ ಸೇರಿಸುವ ವಿಷಯ. ಸೇರಿಸಬಹುದು ಎಂಬುದೇ ನನ್ನ ಸಲಹೆ, ಆದರೆ ಸಹಿ ಹಾಕುವ ಮುನ್ನ ಕೇಳಿ ತಿಳಿಯಬೇಕಾದದ್ದಿದೆ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಇದೆಯೇ? ಹೊಸ ಚಿಕಿತ್ಸೆಯ ಪರೀಕ್ಷೆಯಾಗಿದ್ದರೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಅದರ ನೋಂದಣಿ ಸಂಖ್ಯೆ ಯಾವುದು? ರಕ್ತ ಕೊಡುವುದಾದರೆ ಎಷ್ಟು, ಎಷ್ಟು ಸಲ, ಅದನ್ನು ಎಲ್ಲಿ ಇಡುತ್ತಾರೆ, ಮುಂದೆ ಬೇರೆ ಕೆಲಸಕ್ಕೆ ಬಳಸುತ್ತಾರೆಯೇ? ಅವಳ ಹೆಸರು ದಾಖಲೆಯಲ್ಲಿ ಹೊರಗೆ ಕಾಣುತ್ತದೆಯೇ? ಒಲ್ಲೆ ಎಂದರೆ ಅಥವಾ ನಡುವೆ ಬಿಟ್ಟರೆ ಈಗಿನ ಚಿಕಿತ್ಸೆ ಇದ್ದಂತೆಯೇ ಮುಂದುವರಿಯುತ್ತದೆಯೇ? ಇದಕ್ಕೆ ‘ಹೌದು’ ಎಂಬ ಉತ್ತರ ಬರವಣಿಗೆಯಲ್ಲಿ ಇರಬೇಕು. ತೂಕವನ್ನು ಅಳೆಯುವಾಗ ಅಂಕಿಯನ್ನು ಅವಳಿಗೆ ತೋರಿಸುತ್ತಾರೆಯೇ, ದೇಹದ ಫೋಟೋ ತೆಗೆಯುತ್ತಾರೆಯೇ ಎಂಬುದನ್ನೂ ಕೇಳಿ. ಈ ಕಾಯಿಲೆಯಲ್ಲಿ ಅಂಥ ಸಣ್ಣ ಸಂಗತಿಗಳು ಒಂದು ವಾರದ ಊಟವನ್ನು ಕೆಡಿಸಬಲ್ಲವು. ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ 12ರಿಂದ 18 ವರ್ಷದವರೆಗಿನ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಸಹಿಯೊಂದೇ ಸಾಲದು, ಆ ಮಗುವಿನ ಲಿಖಿತ ಸಮ್ಮತಿಯೂ ಬೇಕು. ಅವಳಿಗೆ ಕಾಗದವನ್ನು ಓದಿ ಹೇಳಿ, ಎರಡು ದಿನ ಯೋಚಿಸಲು ಬಿಡಿ, ತಾಯಿ ಪಕ್ಕದಲ್ಲಿಲ್ಲದಾಗ ಅವಳನ್ನೇ ಕೇಳುವಂತೆ ವೈದ್ಯರಿಗೆ ಹೇಳಿ. ಅವಳು ಬೇಡವೆಂದರೆ ಬೇಡ. ಈ ನಡುವೆ ರಾತ್ರಿ ಹೊತ್ತು ತಂಗಿಗೆ ದಿಕ್ಕು ತೋಚದಂತಾದರೆ, ಅಥವಾ ಹುಡುಗಿ ಬದುಕು ಸಾಕೆಂಬ ಮಾತಾಡಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತಲೆಸುತ್ತಿ ಬೀಳುವುದು, ಎದೆಬಡಿತ ತೀರ ನಿಧಾನವಾಗುವುದು, ನೀರನ್ನೂ ಒಲ್ಲೆ ಎನ್ನುವುದು ಕಂಡರೆ ಮಾತ್ರ ಫೋನಿಗೆ ಕಾಯದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.